ಪುಂಡಿ ಪಲ್ಯ ಉಂಡವರು ಯಾರು?

ಗೊಳಸಂಗಿ
೧೮ ಆಗಸ್ಟ್ ೨೦೨೫

ಚಿ. ಪ್ರಿಯದರ್ಶಿನಿಗೆ,

ವಿಷಯ: ಬುತ್ತಿ ರವಾನೆ ಹಾಗೂ ಖಾಲಿ ಡಬ್ಬಿ ವಾಪಸಾತಿ ಕುರಿತು.

ಇತ್ತ ನಾವು ಮೂವರೂ ಉಂಡು ತೇಗಿ ಕುಳಿತಿದ್ದೇವೆ. ಅತ್ತ ನೀನು ಉಂಡೆಯೋ ಇಲ್ಲವೋ ಎಂಬುದೊಂದೇ ಸದ್ಯ ಈ ಮನೆಯ ಮುಂದಿರುವ ಪ್ರಶ್ನೆ.

ಕಚೇರಿ ಪತ್ರದಲ್ಲಿ ಇಬ್ಬರಿಗೂ ಗೊತ್ತಿರುವುದನ್ನೇ ಮೊದಲು ಬರೆಯಬೇಕು. ಇಪ್ಪತ್ತೆರಡು ವರ್ಷದಿಂದ ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿರುವ ನಾನು ಆ ಪದ್ಧತಿ ಮುರಿಯಲಾರೆ. ಅದರಂತೆ: ನೀನು ಮುದ್ದೇಬಿಹಾಳದ ಕಾಲೇಜಿನಲ್ಲಿ ಬಿ.ಎಸ್ಸಿ. ಮೂರನೇ ಸೆಮಿಸ್ಟರ್ ಓದುತ್ತಿರುವೆ. ಗುಂಡವ್ವನವರ ಮಾಳಿಗೆಯ ರೂಮಿನಲ್ಲಿ ಇನ್ನೊಬ್ಬ ಹುಡುಗಿಯ ಜೊತೆ ಇರುವೆ. ರೂಮಿನಲ್ಲಿ ಒಲೆ ಹಚ್ಚಲು ಗುಂಡವ್ವನವರ ಅಪ್ಪಣೆಯಿಲ್ಲ. ಆದಕಾರಣ ನಿನ್ನವ್ವ ಇಂದ್ರಾಬಾಯಿ ಬೆಳಿಗ್ಗೆ ಬುತ್ತಿ ಕಟ್ಟುತ್ತಾಳೆ, ನಾನು ಡ್ಯೂಟಿಗೆ ಹೋಗುವಾಗ ಒಯ್ದು ಎಂಟರ ಮುದ್ದೇಬಿಹಾಳ ಬಸ್ಸಿಗೆ ಹಾಕುತ್ತೇನೆ, ಕಂಡಕ್ಟರ್ ಅನೀಲಕುಮಾರ ಅದನ್ನು ತನ್ನ ಸೀಟಿನ ಬಳಿ ಇಟ್ಟುಕೊಂಡು ಬಂದು ನಿನ್ನ ಕೈಗೆ ಕೊಡುತ್ತಾನೆ. ಸಂಜೆ ಖಾಲಿ ಡಬ್ಬಿ ಅದೇ ಮಾರ್ಗವಾಗಿ ವಾಪಸು. ಈವರೆಗೆ ಒಂದು ಡಬ್ಬಿಯೂ ದಾರಿ ತಪ್ಪಿಲ್ಲ. ಇದು ನನ್ನ ಸೇವಾವಧಿಯ ಹೆಮ್ಮೆ.

ಇಂದಿನಿಂದ ಒಂದು ತಿದ್ದುಪಡಿ. ಡಬ್ಬಿಯಲ್ಲಿ ಚೀಟಿಯೂ ಬರುತ್ತದೆ, ಉತ್ತರವೂ ಡಬ್ಬಿಯಲ್ಲೇ ಬರತಕ್ಕದ್ದು. ಫೋನಿನಲ್ಲಿ ‘ಊಟಾತೇನವಾ?’ ಎಂದರೆ ನೀನು ‘ಹ್ಞೂಂ ಅಪ್ಪಾ, ಆತು’ ಅನ್ನುತ್ತೀ. ಅದಕ್ಕೆ ಒಂದೂವರೆ ಸೆಕೆಂಡು ಸಾಕು. ಕೈಯಲ್ಲಿ ಬರೆಯಲು ಕನಿಷ್ಠ ಅರ್ಧ ನಿಮಿಷ ಬೇಕು. ಅರ್ಧ ನಿಮಿಷದಷ್ಟು ಉದ್ದದ ಸುಳ್ಳು ಹೇಳುವುದು ನಮ್ಮ ಮನೆತನದಲ್ಲಿ ಯಾರಿಂದಲೂ ಆಗಿಲ್ಲ.

ಕೊನೆಯದಾಗಿ, ಎರಡನೇ ಸೆಮಿಸ್ಟರಿನ ಫಲಿತಾಂಶ ಯಾವಾಗ? ಮೈಕು ಒರೆಸಿ ಇಟ್ಟಿದ್ದೇನೆ. ಮೊದಲ ಸೆಮಿಸ್ಟರಿನಲ್ಲಿ ನೀನು ಫಸ್ಟ್ ಕ್ಲಾಸ್ ಬಂದಾಗ ತಾಳಿಕೋಟಿ ಬಸ್ಸಿಗೂ ಸಿಂದಗಿ ಬಸ್ಸಿಗೂ ನಡುವೆ ಸಿಕ್ಕ ಎರಡು ನಿಮಿಷದಲ್ಲಿ ನಾನು ಮಾಡಿದ ಪ್ರಕಟಣೆಯನ್ನು ಜನ ಇನ್ನೂ ನೆನೆಯುತ್ತಾರೆ. ಬಾಳೆಹಣ್ಣಿನ ಪೀರಬಿ ಅಂತೂ ದಿನಾ ಕೇಳುತ್ತಾಳೆ.

ಇಂತಿ ನಿನ್ನ ಅಪ್ಪ,
ಮಾಳಿಂಗ
ಸಂಚಾರ ನಿಯಂತ್ರಕ (ಮನೆಯಲ್ಲಿ ಯಾವ ನಿಯಂತ್ರಣವೂ ಇಲ್ಲ)

*

ಮುದ್ದೇಬಿಹಾಳ
೨೦ ಆಗಸ್ಟ್

ಅಪ್ಪಾ,

ಉಂಡೆ. ರೊಟ್ಟಿ ಮೆತ್ತಗಿದ್ದವು. ಫಲಿತಾಂಶ ಇನ್ನೂ ಬಂದಿಲ್ಲ. ಓದುವುದು ಬಹಳ ಇದೆ.

ಪ್ರಿಯಾ

*

ಗೊಳಸಂಗಿ
೯ ಸೆಪ್ಟೆಂಬರ್

ಚಿ. ಪ್ರಿಯದರ್ಶಿನಿಗೆ,

ವಿಷಯ: ದಿನಾಂಕ ೮ರಂದು ನಡೆದ ಡಬ್ಬಿ ಅದಲುಬದಲು ಹಾಗೂ ತದನಂತರ ಸಂಭವಿಸಿದ ಪವಾಡ.
ಉಲ್ಲೇಖ: ನಿನ್ನ ಹನ್ನೊಂದು ಸೆಕೆಂಡಿನ ಪತ್ರ.

ನಿನ್ನೆ ಬೆಳಿಗ್ಗೆ ನಿನ್ನವ್ವ ಎರಡು ಡಬ್ಬಿ ತುಂಬಿದಳು. ನಿನ್ನ ಡಬ್ಬಿಗೆ ಬದನೆಕಾಯಿ ಎಣ್ಣೆಗಾಯಿ, ಕುರಿ ಹಿಂದೆ ಹೋಗುವ ನನ್ನಪ್ಪ, ಅಂದರೆ ನಿನ್ನ ಮುತ್ಯಾ ಅಮಸಿದ್ದಪ್ಪನವರ ಡಬ್ಬಿಗೆ ಹುಳಿ ಪುಂಡಿ ಸೊಪ್ಪಿನ ಪಲ್ಯ. ಎರಡೂ ಒಂದೇ ಮದುವೆಯಲ್ಲಿ ಬಂದ ಜೋಡಿ ಡಬ್ಬಿ, ಎರಡರ ಮೇಲೂ ಒಂದೇ ಹೆಸರು ಕೊರೆದಿದೆ. ಆಗಬಾರದ್ದು ಆಯಿತು. ಎಣ್ಣೆಗಾಯಿ ಕುರಿಯ ಜೊತೆ ಹೋಯಿತು. ಪುಂಡಿ ಮುದ್ದೇಬಿಹಾಳದ ಬಸ್ಸು ಹತ್ತಿತು.

ಮಧ್ಯಾಹ್ನ ಮುತ್ಯಾ ಹೊಲದಿಂದ ಫೋನ್ ಮಾಡಿ, ಇವತ್ತು ಯಾವ ಹಬ್ಬ ಎಂದು ಕೇಳಿದರು. ನಿನ್ನವ್ವ ಹಣೆ ಚಚ್ಚಿಕೊಂಡಳು. ಮಗಳು ಇವತ್ತು ಉಪವಾಸ ಎಂದು ನಾವಿಬ್ಬರೂ ತೀರ್ಮಾನಿಸಿದೆವು.

ಯಾಕೆಂದರೆ ಪುಂಡಿಗೂ ನಿನಗೂ ಇರುವ ಸಂಬಂಧದ ಕಡತ ಬಹಳ ಹಳೆಯದು. ನಾಲ್ಕನೇ ವಯಸ್ಸಿನಲ್ಲಿ ನೀನು ಅದನ್ನು ಮುತ್ಯಾನ ರುಮಾಲಿನ ಮೇಲೆ ಉಗುಳಿದೆ. ಒಂಬತ್ತನೇ ವಯಸ್ಸಿನಲ್ಲಿ ಯಾರೂ ನೋಡದಂತೆ ಕುರಿಮರಿಗೆ ಹಾಕಿದೆ, ಮರಿಯೂ ನಿನ್ನ ಪಕ್ಷ ಸೇರಿ ಮೂತಿ ತಿರುವಿತು. ಪಿ.ಯು. ಎರಡನೇ ವರ್ಷದಲ್ಲಿ ‘ಈ ಮನ್ಯಾಗ ಪುಂಡಿ ಇರಬೇಕು, ಇಲ್ಲಾ ನಾ ಇರಬೇಕು’ ಎಂದು ಲಿಖಿತ ನೋಟಿಸು ಕೊಟ್ಟೆ. ಆ ನೋಟಿಸು ನನ್ನ ಬಳಿ ಈಗಲೂ ಇದೆ.

ಇಂಥ ನೀನು ನಿನ್ನೆ ಸಂಜೆ ಕಳಿಸಿದ ಡಬ್ಬಿ ತೆರೆದು ನೋಡಿದರೆ ಒಂದು ಎಸಳೂ ಇಲ್ಲ. ಖಾಲಿ ಅಲ್ಲ, ಅದಕ್ಕಿಂತ ಖಾಲಿ. ಬೆರಳಿನಿಂದ ಬಳಿದು ನೆಕ್ಕಿದ ಗುರುತು. ನಿನ್ನವ್ವ ಡಬ್ಬಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಡಬ್ಬಿಗೆ ಸುತ್ತಿ ಬಂದ ಅರಿವೆ ಎತ್ತಿಕೊಂಡು ಇನ್ನೊಂದು ಮಾತು ಹೇಳಿದಳು: ಅವಳು ಕಟ್ಟುವುದು ಎರಡು ಬಿಗಿ ಗಂಟು, ನಿನಗೂ ಕಲಿಸಿದ್ದು ಅದೇ. ವಾಪಸು ಬಂದ ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಹೀಗೆ ಒಂದು ತಿಂಗಳಿಂದ ನಡೆದಿದೆಯಂತೆ.

ಈ ಬಗ್ಗೆ ಸಮಜಾಯಿಷಿ ನೀಡುವುದು.

ನಿನ್ನ ಅಪ್ಪ,
ಮಾಳಿಂಗ

*

ಮುದ್ದೇಬಿಹಾಳ
೧೧ ಸೆಪ್ಟೆಂಬರ್

ಅಪ್ಪಾ,

ಮನುಷ್ಯರ ರುಚಿ ಬದಲಾಗುತ್ತದೆ. ನಾಲಿಗೆಯ ಮೇಲಿನ ರುಚಿಮೊಗ್ಗುಗಳು ಹತ್ತು ಹದಿನೈದು ದಿನಕ್ಕೊಮ್ಮೆ ಹೊಸದಾಗುತ್ತವೆ, ಇದು ವಿಜ್ಞಾನ. ಪುಂಡಿ ಪಲ್ಯ ಚೆನ್ನಾಗಿತ್ತು. ಖಾರ ಹದವಾಗಿತ್ತು ಎಂದು ಅವ್ವನಿಗೆ ಹೇಳು. ಗಂಟು ಅವಸರದಲ್ಲಿ ಕಟ್ಟಿದ್ದು.

ಪ್ರಿಯಾ

*

ಗೊಳಸಂಗಿ
೧೬ ಸೆಪ್ಟೆಂಬರ್

ಪುಂಡಿ ಪಲ್ಯ ಉಂಡ ಮಹನೀಯರಿಗೆ,

ನಿಮ್ಮ ಹೆಸರು ತಿಳಿಯದ ಕಾರಣ ನಿಮ್ಮ ಸಾಧನೆಯಿಂದಲೇ ಕರೆಯುತ್ತಿದ್ದೇನೆ. ಈ ಚೀಟಿ ಐದನೇ ರೊಟ್ಟಿಯ ಕೆಳಗಿದೆ. ನನ್ನ ಮಗಳು ಹುಟ್ಟಿದಾಗಿನಿಂದ ಮೂರನೇ ರೊಟ್ಟಿ ದಾಟಿದವಳಲ್ಲ. ಆದ್ದರಿಂದ ಇದನ್ನು ಓದುತ್ತಿರುವವರು ನೀವೇ.

ನೀವು ಸಿಕ್ಕಿಬಿದ್ದದ್ದು ಹೇಗೆಂದೂ ತಿಳಿಸುತ್ತೇನೆ. ‘ಖಾರ ಹದವಾಗಿತ್ತು’ ಎಂದು ಮಗಳು ಬರೆದಳು. ಆ ದಿನದ ಪಲ್ಯಕ್ಕೆ ಖಾರವನ್ನೇ ಹಾಕಿರಲಿಲ್ಲ. ನಮ್ಮ ಅಪ್ಪನವರಿಗೆ ಬಾಯಿ ಹುಣ್ಣಾಗಿತ್ತು.

ಮೊದಲಿಗೆ ಅಭಯ. ನೀವು ಉಂಡದ್ದಕ್ಕೆ ನಮಗೆ ಎಳ್ಳಷ್ಟೂ ಬೇಸರವಿಲ್ಲ. ತನ್ನ ಪುಂಡಿ ಪಲ್ಯವನ್ನು ಖಾರವಿಲ್ಲದೆಯೂ ಇಷ್ಟು ಭಕ್ತಿಯಿಂದ ಉಣ್ಣುವವರು ಜಗತ್ತಿನಲ್ಲಿದ್ದಾರೆಂದು ತಿಳಿದು ನನ್ನ ಮನೆಯಾಕೆ ನಿಮಗಾಗಿಯೇ ಇವತ್ತು ಮತ್ತೆ ಮಾಡಿದ್ದಾಳೆ. ಈ ಸಲ ಖಾರವಿದೆ, ಬೆಳ್ಳುಳ್ಳಿ ಒಗ್ಗರಣೆಯೂ ಇದೆ.

ನನ್ನದು ಒಂದೇ ಪ್ರಶ್ನೆ. ಇದನ್ನು ನೀವು ಉಂಡರೆ, ನನ್ನ ಮಗಳು ಏನು ಉಣ್ಣುತ್ತಾಳೆ?

ಉತ್ತರ ಬರೆದರೆ ಉಪಕಾರವಾಗುತ್ತದೆ. ಬರೆಯದಿದ್ದರೂ ನಾಳೆ ಬುತ್ತಿ ಬರುತ್ತದೆ.

ಮಾಳಿಂಗ
ಪ್ರಿಯದರ್ಶಿನಿಯ ತಂದೆ

*

ಮುದ್ದೇಬಿಹಾಳ
೧೮ ಸೆಪ್ಟೆಂಬರ್

ಮಾಳಿಂಗ ಕಾಕಾ ಅವರಿಗೆ,

ಸುಲ್ತಾನಾ ಮಾಡುವ ಸಲಾಮು. ‘ಇನ್ನೊಬ್ಬ ಹುಡುಗಿ’ ಎಂದು ನೀವು ಬರೆಯುತ್ತೀರಲ್ಲ, ಅವಳು ನಾನೇ. ಇಂಡಿ ತಾಲ್ಲೂಕಿನ ತಾಂಬಾದವಳು.

ಚೀಟಿ ಸಿಕ್ಕಾಗ ನನ್ನ ಬಾಯಲ್ಲಿ ತುತ್ತಿತ್ತು. ನುಂಗಬೇಕೋ ಉಗುಳಬೇಕೋ ತಿಳಿಯದೆ ಹಾಗೇ ಕುಳಿತೆ. ಅಭಯ ಕೊಟ್ಟ ಸಾಲು ಬಂದ ಮೇಲೆ ನುಂಗಿದೆ. ಕಾಕಾ, ತಪ್ಪಾಯಿತು. ಆದರೆ ಆ ಬೆಳ್ಳುಳ್ಳಿ ಒಗ್ಗರಣೆಯ ಎದುರು ತಪ್ಪು ಮಾಡದೆ ಇರುವುದು ಕಷ್ಟ.

ನಮ್ಮ ಊರು ದೂರ, ಬುತ್ತಿ ಇಲ್ಲಿಗೆ ಬರುವಷ್ಟರಲ್ಲಿ ಹಳಸುತ್ತದೆ. ನಾನು ಖಾನಾವಳಿಯಲ್ಲಿ ಉಣ್ಣುತ್ತೇನೆ. ನನಗೆ ಒಂದು ರೋಗವಿದೆ, ಚಿಂತೆಯಾದಷ್ಟೂ ಹಸಿವೆ. ಪರೀಕ್ಷೆ ಹತ್ತಿರ ಬಂದರೆ ಖಾನಾವಳಿಯವರು ನನ್ನನ್ನು ನೋಡಿ ಹೆದರುತ್ತಾರೆ. ಪ್ರಿಯಾಗೆ ಇದರ ತದ್ವಿರುದ್ಧ, ಚಿಂತೆಯಾದರೆ ಊಟದ ಹೆಸರೇ ಆಗುವುದಿಲ್ಲ. ಒಂದೇ ರೂಮಿನಲ್ಲಿ ಒಬ್ಬಳು ಏರುತ್ತಾಳೆ, ಒಬ್ಬಳು ಇಳಿಯುತ್ತಾಳೆ. ಗುಂಡವ್ವ ನಮ್ಮಿಬ್ಬರಿಗೂ ಸೇರಿ ‘ತಕ್ಕಡಿ’ ಎಂದು ಹೆಸರಿಟ್ಟಿದ್ದಾರೆ.

ಅವಳು ಏನು ತಿನ್ನುತ್ತಾಳೆ ಎಂದು ಕೇಳಿದಿರಿ. ಬೆಳಿಗ್ಗೆ ಚಹಾ. ಮಧ್ಯಾಹ್ನ ಚಿಪ್ಸಿನ ಪಾಕೀಟು. ಸಂಜೆ ಗಾಡಿಯ ಗೋಬಿ ಮಂಚೂರಿ, ಅದೂ ಅರ್ಧ, ಉಳಿದರ್ಧ ನಾನು. ಮತ್ತೆ ಚಹಾ. ಬುತ್ತಿ ತಂದು ಮುಂದಿಟ್ಟರೆ ‘ನೀ ಉಣ್ಣು, ಚೆಲ್ಲಬ್ಯಾಡ’ ಅನ್ನುತ್ತಾಳೆ. ನಾನು ಚೆಲ್ಲುವವಳಲ್ಲ.

ಒಂದು ತಿಂಗಳಿಂದ ಬಸ್‌ಸ್ಟ್ಯಾಂಡಿಗೆ ಬುತ್ತಿ ತರಲು ನಾನೇ ಹೋಗುತ್ತಿದ್ದೇನೆ. ಅವಳು ಯಾಕೆ ಬರುವುದಿಲ್ಲ ಎಂದು ನನಗೆ ಗೊತ್ತು, ಆದರೆ ಅದು ಅವಳ ಮಾತು. ನಾನು ಉಂಡದ್ದು ರೊಟ್ಟಿ ಮಾತ್ರ, ಅವಳ ಮಾತನ್ನೂ ನಾನೇ ಆಡಿದರೆ ಹೇಗೆ? ಕಿವಿಗೆ ಬಿದ್ದದ್ದನ್ನಷ್ಟೇ ಬರೆಯುತ್ತೇನೆ. ಬಸ್ಸು ನಿಂತ ಕೂಡಲೇ, ಡಬ್ಬಿ ಕೊಡುವ ಮೊದಲು, ಅನೀಲಕುಮಾರ ಕಾಕಾ ದಿನಾ ಕೇಳುತ್ತಾರೆ: ‘ನಿಮ್ಮ ಗೆಳತೀದು ರಿಜಲ್ಟ್ ಬಂತೇನವಾ? ಕಂಟ್ರೋಲರ್ ಸಾಹೇಬ್ರು ಮೈಕ್ ಹಿಡಕೊಂಡು ಕುಂತಾರ.’

ಕಾಕಿಯವರಿಗೆ ಸಲಾಮು. ಡಬ್ಬಿ ನಾನೇ ತೊಳೆದಿದ್ದೇನೆ.

ಸುಲ್ತಾನಾ

*

ಗೊಳಸಂಗಿ
೨೧ ಸೆಪ್ಟೆಂಬರ್

ಪ್ರಿಯಾ,

ಈ ಪತ್ರಕ್ಕೆ ವಿಷಯ ಹಾಕಿಲ್ಲ. ಹಾಕಲು ಹೋಗಿ ಮೂರು ಹಾಳೆ ಹರಿದೆ. ನಾಲ್ಕನೆಯದನ್ನು ನಿನ್ನವ್ವ ಕಸಿದುಕೊಂಡು, ಸುಮ್ಮನೆ ಬರೆಯಿರಿ ಎಂದಳು.

ಸುಲ್ತಾನಾಳ ಮೇಲೆ ಸಿಟ್ಟಾಗಬೇಡ. ಅವಳು ನಿನ್ನ ಗುಟ್ಟು ಹೇಳಲಿಲ್ಲ. ನನ್ನದೇ ಹೇಳಿದಳು.

ಆವತ್ತು ಮೈಕಿನಲ್ಲಿ ನಿನ್ನ ಹೆಸರು ಹೇಳುವಾಗ ನನಗೆ ಏನು ಅನಿಸಿತ್ತು ಗೊತ್ತೇ? ಇಷ್ಟು ವರ್ಷ ಊರೂರಿನ ಹೆಸರು ಕೂಗಿದ ಬಾಯಿಗೆ ಒಮ್ಮೆ ಮನೆಯ ಹೆಸರು ಸಿಕ್ಕಿತು ಅನಿಸಿತ್ತು. ಹಿಗ್ಗಿದ್ದು ನಾನು. ಆ ಪ್ರಕಟಣೆಯನ್ನು ಹೊತ್ತುಕೊಂಡು ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ದಿನಾ ನಿಲ್ಲಬೇಕಾದವಳು ನೀನು ಎಂಬುದು ನನಗೆ ಹೊಳೆಯಲಿಲ್ಲ. ಕಂಡಕ್ಟರು, ಡ್ರೈವರು, ಪೀರಬಿ, ಇಷ್ಟು ಜನರನ್ನು ನಿನ್ನ ಪರೀಕ್ಷೆಯಲ್ಲಿ ಕೂರಿಸಿದವನು ನಾನೇ.

ಬಸ್ಸು ತಡವಾದಾಗ ನಾನು ಮೈಕಿನಲ್ಲಿ ಏನು ಹೇಳುತ್ತೇನೆ, ನೀನೇ ಚಿಕ್ಕಂದಿನಲ್ಲಿ ಅಣಕಿಸುತ್ತಿದ್ದೆ: ‘ಸದರಿ ಬಸ್ಸು ತಡವಾಗಿ ಬರಲಿದೆ. ಪ್ರಯಾಣಿಕರು ಸಹಕರಿಸಬೇಕು.’ ಒಮ್ಮೆಯೂ ಬಸ್ಸನ್ನು ಬೈದಿಲ್ಲ. ಕಂಡವರ ಬಸ್ಸಿಗೆ ತೋರುವ ತಾಳ್ಮೆಯನ್ನು ಅಪ್ಪ ನನಗೆ ತೋರುವುದಿಲ್ಲ ಎಂದು ನಿನಗೆ ಅನಿಸುವಂತೆ ನಾನು ನಡೆದುಕೊಂಡೆನಲ್ಲ, ಅದು ನನ್ನನ್ನು ಕೊರೆಯುತ್ತಿದೆ.

ಏನಾಗಿದೆ ಎಂದು ಕೇಳುವುದಿಲ್ಲ. ಅನೀಲಕುಮಾರನಿಗೂ ಟಿಕೀಟು ಬಿಟ್ಟು ಬೇರೇನನ್ನೂ ಯಾರನ್ನೂ ಕೇಳಕೂಡದೆಂದು ತಾಕೀತು ಮಾಡಿದ್ದೇನೆ. ಬುತ್ತಿ ಬರುತ್ತಲೇ ಇರುತ್ತದೆ. ಉಣ್ಣಲಾಗದಿದ್ದರೆ ಹಾಗೇ ವಾಪಸು ಕಳಿಸು. ತುಂಬಿದ ಡಬ್ಬಿ ಬಂದರೂ ಈ ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ.

ಅಪ್ಪ

*

ಮುದ್ದೇಬಿಹಾಳ
೫ ಅಕ್ಟೋಬರ್

ಅಪ್ಪಾ,

ಎರಡು ವಾರ ತುಂಬಿದ ಡಬ್ಬಿಯನ್ನೇ ಕಳಿಸಿದೆ. ನೀವು ಯಾರೂ ಏನೂ ಅನ್ನಲಿಲ್ಲ. ಈ ಸಲ ಅರ್ಧ ನಿಮಿಷಕ್ಕಿಂತ ಹೆಚ್ಚು ಬರೆಯುತ್ತೇನೆ.

ಫಲಿತಾಂಶ ಆಗಸ್ಟಿನಲ್ಲೇ ಬಂದಿತ್ತು. ಕೆಮಿಸ್ಟ್ರಿಯಲ್ಲಿ ಫೇಲಾಗಿದ್ದೇನೆ.

ಬರೆದಾಯಿತು. ಬರೆಯುವ ಮುಂಚೆ ಈ ಸಾಲು ಬಹಳ ಉದ್ದವಿತ್ತು.

ಬುತ್ತಿಯ ವಿಷಯ ಹೇಳಿದರೆ ನಗುತ್ತೀ. ಗಂಟು ಬಿಚ್ಚಿದ ಕೂಡಲೇ ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿಯ ವಾಸನೆ ಬರುತ್ತದೆ, ಅದರ ಹಿಂದೆಯೇ ಅವ್ವ ಬರುತ್ತಾಳೆ, ಒಲೆ ಬರುತ್ತದೆ, ನೀನು ಕೈಚೀಲ ಹಿಡಿದು ಬಸ್ಸಿಗೆ ಓಡುವುದು ಬರುತ್ತದೆ. ಇಡೀ ಮನೆ ಬಂದು ನನ್ನ ಮುಂದೆ ಕುಳಿತು ‘ರಿಜಲ್ಟ್ ಏನಾತು?’ ಎಂದು ಕೇಳಿದ ಹಾಗೆ. ಚಿಪ್ಸಿನ ಪಾಕೀಟಿಗೆ ಆ ತೊಂದರೆಯಿಲ್ಲ. ಅದನ್ನು ಯಾರು ಮಾಡಿದರೋ ಗೊತ್ತಿಲ್ಲ, ಅವರಿಗೆ ನನ್ನ ಕೆಮಿಸ್ಟ್ರಿ ಗೊತ್ತಿಲ್ಲ. ಪಾಸಾಗದ ಬಾಯಿಗೆ ಮನೆಯ ರೊಟ್ಟಿ ಯಾಕೆ ಎಂದು ಒಂದು ದಿನ ಅನಿಸಿತು. ಆಮೇಲೆ ದಿನಾ ಅನಿಸಿತು. ತಲೆ ತಿರುಗುತ್ತಿತ್ತು, ಓದಿದ್ದು ನಿಲ್ಲುತ್ತಿರಲಿಲ್ಲ, ಅದಕ್ಕೇ ಮತ್ತೂ ಚಿಂತೆ, ಅದಕ್ಕೇ ಮತ್ತೂ ಚಹಾ.

ಸುಲ್ತಾನಾ ಒಂದು ಸತ್ಯಾಗ್ರಹ ಹೂಡಿದಳು. ನಾನು ಉಣ್ಣುವವರೆಗೆ ಅವಳೂ ಬುತ್ತಿ ಮುಟ್ಟುವುದಿಲ್ಲವಂತೆ. ಮಾತು ಉಳಿಸಿಕೊಂಡಳು, ಬುತ್ತಿ ಮುಟ್ಟಲಿಲ್ಲ, ಖಾನಾವಳಿಯಲ್ಲಿ ಎರಡು ಸಲ ಉಂಡು ಬಂದಳು. ಕೊನೆಗೆ ಕೈ ಹಿಡಿದು ರಾಜೇಶ್ವರಿ ಮೇಡಮ್ಮರ ಕಡೆ ಕರೆದುಕೊಂಡು ಹೋದಳು. ಮೇಡಮ್ಮರು ಸಿಂದಗಿಯವರು, ಪ್ರತಿ ಶನಿವಾರ ಕಾಲೇಜಿಗೆ ಬಂದು ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಕೂಡುತ್ತಾರೆ, ಮನಸ್ಸು ಸರಿಯಿಲ್ಲದವರು ಹೋ‌ಗಿ ಮಾತಾಡಬಹುದು. ಅಲ್ಲಿಗೆ ಹೋಗುವವರನ್ನು ಹುಡುಗರು ‘ಹುಚ್ಚಿ’ ಅನ್ನುತ್ತಾರೆಂದು ನಾನು ಆ ಕೋಣೆಯ ಮುಂದೆ ನಡೆಯುವುದನ್ನೂ ಬಿಟ್ಟಿದ್ದೆ. ಒಳಗೆ ಹೋದರೆ ಬೆಂಚಿನ ಮೇಲೆ ‘ಹುಚ್ಚಿ’ ಅನ್ನುವ ಹುಡುಗರಲ್ಲೇ ಇಬ್ಬರು ಸರದಿಗಾಗಿ ಕಾದಿದ್ದರು. ನಮ್ಮನ್ನು ನೋಡಿ ಗೋಡೆಯ ಕ್ಯಾಲೆಂಡರನ್ನು ಓದತೊಡಗಿದರು.

ಮೇಡಮ್ಮರು ಬುದ್ಧಿ ಹೇಳಲಿಲ್ಲ. ಒಂದು ನೋಟ್‌ಬುಕ್ ಕೊಟ್ಟರು. ಎಡಕ್ಕೆ ಏನು ತಿಂದೆ, ಬಲಕ್ಕೆ ಆಗ ಮನಸ್ಸಿನಲ್ಲಿ ಏನಿತ್ತು. ಮೊದಲ ವಾರ ನಾನು ಬರೆದದ್ದು ಇದು:

ಸೋಮವಾರ. ಚಿಪ್ಸು, ಎರಡು ಪಾಕೀಟು. ಕೆಮಿಸ್ಟ್ರಿ.
ಮಂಗಳವಾರ. ಗೋಬಿ ಮಂಚೂರಿ. ಅಪ್ಪನ ಮೈಕು.
ಬುಧವಾರ. ಏನೂ ಇಲ್ಲ. ಅನೀಲಕುಮಾರ ಕಾಕಾ.
ಗುರುವಾರ. ಚಹಾ, ನಾಲ್ಕು ಸಲ. ಮತ್ತೆ ಅಪ್ಪನ ಮೈಕು.

ಓದಿ ಮೇಡಮ್ಮರಿಗೆ ನಗು ಬಂತು, ತಡೆದುಕೊಂಡರು. ನನಗೂ ಬಂತು, ನಾನು ತಡೆಯಲಿಲ್ಲ. ಬಹಳ ದಿನದ ಮೇಲೆ ನಕ್ಕದ್ದು. ಇಂಥ ನೋಟ್‌ಬುಕ್ಕು ನಮ್ಮ ಕ್ಲಾಸಿನಲ್ಲೇ ಹನ್ನೊಂದು ಜನರ ಹತ್ತಿರ ಇದೆಯಂತೆ. ಯಾರೆಂದು ಅವರು ಹೇಳುವುದಿಲ್ಲ. ನಾನೊಬ್ಬಳೇ ಅಂದುಕೊಂಡಿದ್ದೆ.

ಉಣ್ಣುತ್ತೇನೆಂದು ಈಗಲೇ ಮಾತು ಕೊಡುವುದಿಲ್ಲ ಅಪ್ಪಾ. ನಿನ್ನೆ ಅರ್ಧ ರೊಟ್ಟಿ ತಿಂದೆ. ಅದೂ ನಿಂತುಕೊಂಡು. ಅವ್ವನಿಗೆ ನೀನೇ ಹೇಳು, ನನಗೆ ಧೈರ್ಯವಿಲ್ಲ.

ನಿನ್ನ
ಪ್ರಿಯಾ

*

ಗೊಳಸಂಗಿ
೮ ಅಕ್ಟೋಬರ್

ಪ್ರಿಯಾ,

ನಿಮ್ಮಪ್ಪಗ ಪೆನ್ನು ಕೊಟ್ರ ಸಂಜೀತನಕಾ ಬರೀತಾರ. ನನಗ ರೊಟ್ಟಿ ಬಡಿಯೂದೈತಿ, ಬೇಕಾದಷ್ಟ ಬರೀತೇನಿ.

ಫೇಲ್ ಆಗಿದ್ದು ಕೆಮಿಸ್ಟ್ರಿ, ಹೊಟ್ಟಿ ಅಲ್ಲ. ಅದಕ್ಯಾಕ ಶಿಕ್ಷಾ ಕೊಟ್ಟಿ?

ಮತ್ತ ಕೇಳು, ನಾ ಮಾರ್ಕ್ಸ್ ನೋಡಿ ಬುತ್ತಿ ಕಟ್ಟಾಕಿ ಅಲ್ಲ. ಹಂಗ ಕಟ್ಟಿದ್ರ ನಿಮ್ಮಪ್ಪಗ ಮದಿವ್ಯಾದಾಗಿಂದ ಒಂದ ತುತ್ತೂ ಸಿಗತಿರಲಿಲ್ಲ.

ಆ ತಾಂಬಾದ ಹುಡುಗಿಗೆ ನಾಳಿಂದ ಬ್ಯಾರೆ ಡಬ್ಬಿ ಬರತೈತಿ. ಅಕೀ ಅವ್ವ ಬಿಬಿಜಾನ ಅವರು ನಿನ್ನೆ ಫೋನ್ ಮಾಡಿದ್ರು. ಇಬ್ರೂ ಮಕ್ಕಳ ಸುದ್ದಿ ಮಾತಾಡಬೇಕಂತ ಕುಂತ್ವಿ, ಅರ್ಧಾ ತಾಸು ಉಪ್ಪಿನಕಾಯಿ ಸುದ್ದೀನ ಆತು. ಲಿಂಬಿಕಾಯಿ ಉಪ್ಪಿನಕಾಯಿ ಒಂದ ಭರಣಿ ಕಳಸ್ತಾರಂತ. ಇಂಡಿ ಲಿಂಬಿಕಾಯಿ ಅಂದ್ರ ಕೇಳಬೇಕೇನು?

ಮುತ್ಯಾಗ ನಾವು ಏನೂ ಹೇಳಿಲ್ಲ. ಅವರಿಗೆ ಹೆಂಗ ತಿಳೀತೋ. ಮುದ್ದೇಬಿಹಾಳ ಸಂತಿಗೆ ಹೋಗೂದೈತಿ ಅನ್ನಾಕತ್ತಾರ. ಅವರು ಆ ಸಂತಿ ನೋಡಿ ಹತ್ತ ವರ್ಷಾತು. ಬಂದ್ರ ಮೆಟ್ಟಲಾ ಕೈ ಹಿಡದ ಹತ್ತಸು.

ಅವ್ವ

*

ಮುದ್ದೇಬಿಹಾಳ
೨೭ ಅಕ್ಟೋಬರ್

ಅಪ್ಪಾ, ಅವ್ವಾ,

ಮುತ್ಯಾ ಬಂದ ಕಥೆಯನ್ನು ಅವರು ನಿಮಗೆ ಹೇಳಿರುವುದಿಲ್ಲ, ಅದಕ್ಕೆ ನಾನು ಬರೆಯುತ್ತೇನೆ.

ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬುತ್ತಿ. ಮೆಟ್ಟಿಲು ಹತ್ತುವುದಿಲ್ಲ ಎಂದು ಗುಂಡವ್ವನವರ ಕಟ್ಟೆಯ ಮೇಲೆಯೇ ಕಂಬಳಿ ಹಾಸಿ ಕುಳಿತರು. ನಾನು ಪಕ್ಕದಲ್ಲಿ ಕುಳಿತೆ. ಕುರಿ ಹೇಗಿವೆ ಎಂದು ಕೇಳಿದೆ. ಒಂದು ಕುರಿ ಮೇಯುತ್ತಿಲ್ಲ ಎಂದರು. ಬಡಿದಿರೇನು ಎಂದು ಕೇಳಿದೆ. ಮೇಯದ ಕುರಿಯನ್ನು ಯಾರಾದರೂ ಬಡಿಯುತ್ತಾರೇನು ಎಂದರು. ಅದರ ಪಕ್ಕದಲ್ಲಿ ಕುಳಿತು ತಮ್ಮ ಬುತ್ತಿ ತಾವು ಬಿಚ್ಚುತ್ತಾರಂತೆ. ಅದರ ಕಡೆ ನೋಡುವುದಿಲ್ಲವಂತೆ.

ಅಷ್ಟು ಹೇಳಿ ನನ್ನ ಕಡೆ ನೋಡದೆ ಬುತ್ತಿ ಬಿಚ್ಚಿದರು. ಉಣ್ಣತೊಡಗಿದರು. ನಾಲ್ಕು ತುತ್ತು ಆಯಿತು, ಐದಾಯಿತು. ರಸ್ತೆಯಲ್ಲಿ ಆಟೋ ಹೋಗುತ್ತಿದ್ದವು, ಗುಂಡವ್ವ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಒಮ್ಮೆ ಉಣ್ಣುವುದು ನಿಲ್ಲಿಸಿ ಕಡಲೆಹಿಟ್ಟಿನ ಝುಣಕದ ಕಡೆ ಹುಬ್ಬುಗಂಟಿಕ್ಕಿದರು.

‘ಉಪ್ಪು ಕಡಿಮ್ಯಾಗೇತಿ ನೋಡು,’ ಎಂದರು.

ನೋಡಿದೆ. ಉಪ್ಪು ಸರಿಯಾಗಿಯೇ ಇತ್ತು. ಇನ್ನೊಮ್ಮೆ ನೋಡಿದೆ. ರೊಟ್ಟಿಯ ಜೊತೆ ನೋಡಬೇಕೇನೋ ಎಂದು ರೊಟ್ಟಿ ಮುರಿದೆ. ಎರಡು ರೊಟ್ಟಿ ಮುಗಿದ ಮೇಲೆ, ಉಪ್ಪು ಸರಿ ಇದೆ ಮುತ್ಯಾ ಎಂದೆ. ಹಂಗಾದರೆ ನನ್ನ ಬಾಯಿಯದ್ದೇ ತಪ್ಪು ಎಂದು ರುಮಾಲು ಸರಿಮಾಡಿಕೊಂಡು ಎದ್ದರು. ಸಂತೆಗೆ ಹೋಗಲೇ ಇಲ್ಲ. ಬಂದ ಬಸ್ಸಿಗೇ ವಾಪಸು.

ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಎಡಕ್ಕೆ ‘ಎರಡು ರೊಟ್ಟಿ, ಝುಣಕ’ ಎಂದು ಬರೆದೆ. ಬಲಕ್ಕೆ ಏನು ಬರೆಯಬೇಕೋ ತಿಳಿಯಲಿಲ್ಲ. ‘ಉಪ್ಪು’ ಎಂದು ಬರೆದೆ.

ಎಲ್ಲಾ ದಿನವೂ ಹಾಗಿಲ್ಲ. ಕಳೆದ ಗುರುವಾರ ಮತ್ತೆ ಬರೀ ಚಹಾ. ಆದರೆ ಗುರುವಾರದ ನಂತರ ಶುಕ್ರವಾರ ಬರುತ್ತದೆ ಎನ್ನುವುದು ಈಗ ನೋಟ್‌ಬುಕ್ಕಿನಲ್ಲಿ ಕಾಣುತ್ತದೆ.

ಇವತ್ತು ಬುತ್ತಿ ತರಲು ನಾನೇ ಹೋದೆ. ಅನೀಲಕುಮಾರ ಕಾಕಾ ನನ್ನನ್ನು ನೋಡಿ ಡಬ್ಬಿ ಕೊಟ್ಟು, ಬಾಯಿ ಬಿಗಿದುಕೊಂಡು ನಿಂತರು. ನೀನು ಕೊಟ್ಟ ತಾಕೀತು ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಕಾಣುತ್ತಿತ್ತು. ಪಾಪ ಅನಿಸಿ ನಾನೇ ಹೇಳಿದೆ, ‘ಕಾಕಾ, ಕೆಮಿಸ್ಟ್ರಿ ಫೇಲ್ ಆಗೇನ್ರಿ.’

ಅವರು ಸೀಟಿ ಕೈಗೆ ತೆಗೆದುಕೊಂಡರು.

‘ನಾ ಎಸ್ಸೆಲ್ಸಿ ಮೂರ ಸಲಾ,’ ಎಂದರು. ‘ಸರೀರಿ, ಇಳಿಯಾವ್ರಿಗೆ ದಾರಿ ಬಿಡ್ರಿ.’

ಅಷ್ಟೇ ಅಪ್ಪಾ. ಎರಡು ತಿಂಗಳು ಇದಕ್ಕೆ ಹೆದರಿದ್ದೆ.

ಸುಲ್ತಾನಾ ಊರಿಗೆ ಹೋಗಿದ್ದಾಳೆ, ಹದಿನೈದು ದಿನ ಅವಳ ಡಬ್ಬಿ ಬೇಡ. ಕೆಮಿಸ್ಟ್ರಿ ಮತ್ತೆ ಬರೆಯುತ್ತೇನೆ. ಪಾಸಾದರೂ ಮೈಕಿನಲ್ಲಿ ನನ್ನ ಹೆಸರು ಬೇಡ.

ಪ್ರಿಯಾ

*

ಗೊಳಸಂಗಿ
೬ ನವೆಂಬರ್

ಚಿ. ಪ್ರಿಯದರ್ಶಿನಿಗೆ,

ವಿಷಯ: ಪುಂಡಿ ಪಲ್ಯ ಪ್ರಕರಣದ ಅಂತಿಮ ವರದಿ.

ನಿನ್ನೆಯ ಡಬ್ಬಿಯಲ್ಲಿ ಐದು ರೊಟ್ಟಿ, ಗುರೆಳ್ಳು ಹಿಂಡಿ, ಬಿಬಿಜಾನ ಅವರ ಉಪ್ಪಿನಕಾಯಿ ಹಾಗೂ ಪುಂಡಿ ಪಲ್ಯ ಕಳಿಸಲಾಗಿತ್ತು. ಡಬ್ಬಿ ಅದಲುಬದಲಾಯಿತೆಂದು ನಾನು ಗಾಬರಿಯಾದೆ. ನಿನ್ನವ್ವ ಆಗಲಿಲ್ಲ. ವಿಚಾರಣೆಯಲ್ಲಿ ಒಪ್ಪಿಕೊಂಡಳು: ಅದಲುಬದಲು ನಿನ್ನೆಯೂ ಆಗಿಲ್ಲ, ಸೆಪ್ಟೆಂಬರಿನಲ್ಲೂ ಆಗಿರಲಿಲ್ಲ. ಗಂಟು ಬದಲಾದ ದಿನದಿಂದಲೇ ಅವಳಿಗೆ ಅನುಮಾನ. ಖಾಲಿ ಡಬ್ಬಿಯ ಮಾತು ನಂಬದೆ, ನೀನು ಜನ್ಮದಲ್ಲಿ ಮುಟ್ಟದ ಪಲ್ಯವನ್ನು ಬೇಕೆಂದೇ ಹಾಕಿದ್ದಳು. ಹಣೆ ಚಚ್ಚಿಕೊಂಡದ್ದೂ ನಾಟಕ. ಇಪ್ಪತ್ತೈದು ವರ್ಷ ಇಂಥವಳ ಜೊತೆ ಸಂಸಾರ ಮಾಡಿ ನಾನು ನನ್ನನ್ನು ನಿಯಂತ್ರಕ ಎಂದು ಕರೆದುಕೊಂಡೆ.

ಸಂಜೆ ಡಬ್ಬಿ ಬಸ್‌ಸ್ಟ್ಯಾಂಡಿಗೆ ಬಂತು. ನಿನ್ನವ್ವ ಕಾಯಲಾಗದೆ ಬಾಗೇವಾಡಿಗೇ ಬಂದು ನನ್ನ ಕೋಣೆಯಲ್ಲಿ ಕುಳಿತಿದ್ದಳು. ಅರಿವೆಗೆ ಎರಡು ಬಿಗಿ ಗಂಟು. ಬಿಚ್ಚಲು ಅವಳಿಗೆ ಹಲ್ಲು ಹಚ್ಚಬೇಕಾಯಿತು. ಒಳಗೆ ಎರಡು ರೊಟ್ಟಿ ಉಳಿದಿದ್ದವು, ಎಂದರೆ ಮೂರು ಹೋಗಿದ್ದವು. ಹಿಂಡಿ ಇರಲಿಲ್ಲ. ಉಪ್ಪಿನಕಾಯಿ ಇರಲಿಲ್ಲ. ಪುಂಡಿ ಪಲ್ಯ, ಹಾಕಿದ್ದು ಹಾಕಿದ ಹಾಗೆ, ಉಗುರಿನಷ್ಟೂ ಮುಟ್ಟದೆ, ಪೂರ್ತಿ ಇತ್ತು. ಅದರ ಮೇಲೆ ನಿನ್ನ ಚೀಟಿ: ‘ಈ ಮನ್ಯಾಗ ಪುಂಡಿ ಇರಬೇಕು, ಇಲ್ಲಾ ನಾ ಇರಬೇಕು.’

ತಾನು ಮಾಡಿದ ಅಡುಗೆ ಉಳಿದದ್ದಕ್ಕೆ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು ನಗುವುದನ್ನು ನಾನು ಮೊದಲ ಸಲ ನೋಡಿದೆ.

ಕೆಮಿಸ್ಟ್ರಿ ಬರೆ. ಸದರಿ ಬಸ್ಸು ತಡವಾಗಿ ಬರಲಿದೆ, ನಾವು ಸಹಕರಿಸುತ್ತೇವೆ.

ಇನ್ನು ಒಂದು ತಪ್ಪೊಪ್ಪಿಗೆ. ಮೈಕಿನಲ್ಲಿ ನಿನ್ನ ಹೆಸರು ಬೇಡ ಎಂದು ನೀನು ಬರೆದಿದ್ದೆ. ಹೆಸರು ಹೇಳಲಿಲ್ಲ. ಆದರೆ ಸಿಂದಗಿ ಬಸ್ಸು ಹೋದ ಮೇಲೆ ಎರಡು ನಿಮಿಷ ಖಾಲಿ ಇತ್ತು, ಮೈಕು ಕೈಯಲ್ಲೇ ಇತ್ತು, ನಿನ್ನವ್ವನೂ ಬೇಡ ಅನ್ನಲಿಲ್ಲ. ಹೀಗೆ ಪ್ರಕಟಿಸಿದೆ: ‘ಪ್ರಯಾಣಿಕರ ಗಮನಕ್ಕೆ. ಮುದ್ದೇಬಿಹಾಳದಿಂದ ಬಂದ ಡಬ್ಬಿಯಲ್ಲಿ ಪುಂಡಿ ಪೂರ್ತಿ ಉಳಿದಿರುತ್ತದೆ. ಪ್ರಯಾಣಿಕರು ಸಂತೋಷಪಡಬೇಕು.’

ಯಾರೂ ತಲೆ ಎತ್ತಲಿಲ್ಲ. ದುರ್ಗವ್ವ ಎಂಬ ಮುದುಕಿ ಮಾತ್ರ ಗಂಟು ಹೊತ್ತುಕೊಂಡು ಕಿಟಕಿಗೆ ಬಂದಳು.

‘ಯಪ್ಪಾ, ಇಂಡಿ ಬಸ್ಸು ಉಳದೈತಿ ಅಂದೀ. ಯಾವ ಕಡೆ ನಿಂತೈತಿ?’

‘ಇಂಡಿ ಅಲ್ಲಬೇ, ಪುಂಡಿ. ಅದು ಹೋಗಿತ್ತು, ವಾಪಸ್ ಬಂದೈತಿ.’

ಅವಳು ನನ್ನನ್ನು ನೋಡಿದಳು, ಡಬ್ಬಿ ಹಿಡಿದು ಕುಳಿತ ನಿನ್ನವ್ವನನ್ನು ನೋಡಿದಳು. ಗಂಟು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

‘ವಾಪಸ್ ಬಂತಂದ್ರ ಚೊಲೋ ಆತು ಬಿಡು. ಹಂಗಾರ ನಾ ಇಂಡಿ ಬಸ್ಸಿಗೆ ಕಾಯತೇನಿ.’

ಮೈಕು ಆಫ್ ಮಾಡಿದೆ.

ನಿನ್ನ ಅಪ್ಪ,
ಮಾಳಿಂಗ